ಕುಡತಿನಿ ಭೂಮಿ: ಕಾರ್ಖಾನೆನೂ ಬರಲಿಲ್ಲ, ಹೊಲನೂ ವಾಪಸ್ ಬರಲಿಲ್ಲ

ಬಳ್ಳಾರಿಯಿಂದ ಹೊಸಪೇಟೆ ರೋಡಲ್ಲಿ ಹೊರಟ್ರೆ ತೋರಣಗಲ್ಲಿಗಿಂತ ಮುಂಚೆ ಕುಡತಿನಿ ಸಿಗ್ತೈತೆ. ಪುರಾತತ್ವದವರಿಗೆ ಅದು ಬೂದಿದಿಬ್ಬದ ಊರು, ಕರೆಂಟಿನವರಿಗೆ 1,700 ಮೆಗಾವ್ಯಾಟಿನ ಬಿಟಿಪಿಎಸ್ ಉಷ್ಣ ವಿದ್ಯುತ್ ಸ್ಥಾವರ ಇರೋ ಊರು. ನಮ್ಮ ಜಿಲ್ಲೆ ಜನಕ್ಕೆ ಮಾತ್ರ ಈಚೆಗೆ ಕುಡತಿನಿ ಅಂದ್ರೆ ಮೊದಲು ನೆನಪಾಗೋದು ಭೂಸಂತ್ರಸ್ತರ ಧರಣಿ. 2022ರ ಡಿಸೆಂಬರ್‌ನಲ್ಲಿ ಶುರುವಾದ ಆ ಧರಣಿ ಒಂದು ಸರ್ಕಾರ ಹೋಗಿ ಇನ್ನೊಂದು ಬಂದ್ರೂ ಮುಗೀಲಿಲ್ಲ, ವರ್ಷಗಟ್ಟಲೆ ನಡೀತು. ಯಾಕೆ ಮುಗೀಲಿಲ್ಲ ಅನ್ನೋದನ್ನ ಕಾನೂನಿನ ಕಡೆಯಿಂದಲೂ ಊರಿನ ಕಡೆಯಿಂದಲೂ ಸ್ವಲ್ಪ ಬಿಡಿಸಿ ಬರೀಬೇಕು ಅನ್ನಿಸ್ತು, ಯಾಕಂದ್ರೆ ಟಿವಿಯಲ್ಲಿ ಇದು ಬರೀ "ರೇಟು ಜಾಸ್ತಿ ಮಾಡಿ ಅಂತ ರೈತರ ಪ್ರತಿಭಟನೆ" ಅಂತ ಎರಡು ನಿಮಿಷಕ್ಕೆ ಮುಗಿದು ಹೋಗ್ತೈತೆ. ರೇಟಿನ ಜಗಳ ಐತೆ, ಇಲ್ಲ ಅನ್ನಲ್ಲ, ಆದ್ರೆ ಅದು ಅರ್ಧ ಕಥೆ ಅಷ್ಟೇ.

ಶುರು ಆಗಿದ್ದು 2010ರಲ್ಲಿ. ಆ ವರ್ಷ ಜೂನ್‌ನಲ್ಲಿ ಬೆಂಗಳೂರಲ್ಲಿ ಜಾಗತಿಕ ಹೂಡಿಕೆದಾರರ ಸಮಾವೇಶ ಆಯ್ತು, ಆರ್ಸೆಲರ್ ಮಿತ್ತಲ್ ಕಂಪನಿ 30,000 ಕೋಟಿ ಹಾಕಿ ವರ್ಷಕ್ಕೆ 60 ಲಕ್ಷ ಟನ್ ಉಕ್ಕು ಮಾಡೋ ಕಾರ್ಖಾನೆ ಕಟ್ತೀನಿ ಅಂತ ಒಪ್ಪಂದಕ್ಕೆ ಸಹಿ ಹಾಕ್ತು. ಅದರ ಜೊತೆಗೆ ಮೊದಲು ಬ್ರಹ್ಮಣಿ ಅಂತಿದ್ದು ಆಮೇಲೆ ಉತ್ತಮ್ ಗಾಲ್ವಾ ಕೈಗೆ ಹೋದ ಇನ್ನೊಂದು ಕಂಪನಿ, ಮತ್ತೆ ಕೇಂದ್ರ ಸರ್ಕಾರದ ಗಣಿ ಕಂಪನಿ ಎನ್‌ಎಂಡಿಸಿ. ಈ ಮೂರಕ್ಕೂ ಕುಡತಿನಿ, ಹರಗಿನಡೋಣಿ, ವೇಣಿವೀರಾಪುರ, ಜಾನೆಕುಂಟೆ, ಕೊಳಗಲ್ಲು ಈ ಸುತ್ತಿನ ಹೊಲಗಳನ್ನ ಕೆಐಎಡಿಬಿ, ಅಂದ್ರೆ ಸರ್ಕಾರದ ಕರ್ನಾಟಕ ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿ, ಸ್ವಾಧೀನ ಮಾಡ್ಕೊಂತು, ಎಲ್ಲಾ ಸೇರಿ ಹನ್ನೆರಡು ಸಾವಿರ ಎಕರೆ ದಾಟ್ತೈತೆ. ಜೋಳ, ಹತ್ತಿ, ಮೆಣಸಿನಕಾಯಿ ಬೆಳೀತಿದ್ದ ಭೂಮಿ.

"ಪ್ರೈವೇಟ್ ಕಂಪನಿಗೆ ಕೊಟ್ಟಿದ್ದು, ಇದಕ್ಕೂ ಸರ್ಕಾರಕ್ಕೂ ಏನು ಸಂಬಂಧ" ಅಂತ ಕೇಳೋರು ಬಹಳ ಜನ ಅದಾರೆ. ಸಂಬಂಧ ಇರೋದೇ ಇಲ್ಲಿ. ಕಂಪನಿಯವನು ನಿಮ್ಮ ಮನೆಗೆ ಬಂದು ಹೊಲ ಕೊಡು ಅಂದಿದ್ರೆ ನೀವು ಕೊಡಲ್ಲ ಅನ್ನಬಹುದಿತ್ತು, ಇಲ್ಲಾ ನಿಮ್ಮ ರೇಟು ನೀವೇ ಹೇಳಬಹುದಿತ್ತು. ಕೆಐಎಡಿಬಿ ನೋಟಿಸ್ ಬಂದ ಮೇಲೆ ಎರಡೂ ಇಲ್ಲ. 1966ರ ಕರ್ನಾಟಕ ಕೈಗಾರಿಕಾ ಪ್ರದೇಶಾಭಿವೃದ್ಧಿ ಕಾಯ್ದೆಯ 28ನೇ ಸೆಕ್ಷನ್ ಪ್ರಕಾರ ಮೊದಲು 28(1) ನೋಟಿಫಿಕೇಶನ್, ಆಮೇಲೆ ತಕರಾರು ಕೇಳೋದು, ಆಮೇಲೆ 28(4) ಅಂತಿಮ ಘೋಷಣೆ. ಅದು ಗೆಜೆಟ್‌ನಲ್ಲಿ ಬಂತು ಅಂದ್ರೆ ಭೂಮಿ ಯಾವ ಋಣಭಾರನೂ ಇಲ್ಲದಂಗೆ ಪೂರ್ತಿಯಾಗಿ ಸರ್ಕಾರದ್ದು. ನಿಮ್ಮ ಪಹಣಿಯಲ್ಲಿ 11ನೇ ಕಾಲಂಗೆ ಕೆಐಎಡಿಬಿ ಅಂತ ಬಿದ್ದ ದಿನದಿಂದ ಆ ಹೊಲನ ಮಾರೋಕಾಗಲ್ಲ, ಸೊಸೈಟಿಯಲ್ಲಿ ಸಾಲ ಎತ್ತೋಕಾಗಲ್ಲ. ಅಂದ್ರೆ ಒತ್ತಾಯ ಮಾಡಿದ್ದು ಸರ್ಕಾರ, ಲಾಭದ ಲೆಕ್ಕ ಕಂಪನಿದು. ಹಂಗಾಗಿ ಜವಾಬ್ದಾರಿ ಯಾರದು ಅನ್ನೋ ಪ್ರಶ್ನೆಗೆ ನನ್ನ ಉತ್ತರ ಸೀದಾ ಐತೆ, ಯಾರು ಒತ್ತಾಯ ಮಾಡಿದ್ರೋ ಅವರದ್ದು.

ಈಗ ರೇಟಿನ ವಿಚಾರ. ರೈತರಿಗೆ ಆಗ ಸಿಕ್ಕಿದ್ದು ಎಕರೆಗೆ ಕೆಲವು ಲಕ್ಷ, ಅವರು ಈಗ ಕೇಳ್ತಿರೋದು ಎಕರೆಗೆ ಕೋಟಿ ಮೇಲೆ. ಇಷ್ಟೊಂದು ವ್ಯತ್ಯಾಸ ಹೆಂಗ್ ಬಂತು ಅಂತ ಬೆಂಗಳೂರಲ್ಲಿ ಕೂತೋರಿಗೆ ಅನ್ನಿಸ್ತೈತೆ, ದುರಾಸೆ ಅಂತಾರೆ. ಆದ್ರೆ ಸರ್ಕಾರ ರೇಟು ಕಟ್ಟೋ ವಿಧಾನ ನೋಡಿ. ಹಿಂದಿನ ವರ್ಷಗಳಲ್ಲಿ ಸುತ್ತಮುತ್ತ ಆದ ರಿಜಿಸ್ಟ್ರೇಶನ್‌ಗಳನ್ನ ಸಬ್‌ರಿಜಿಸ್ಟ್ರಾರ್ ಆಫೀಸಿಂದ ತರಿಸ್ತಾರೆ, ಅದರ ಮೇಲೆ ಮಾರುಕಟ್ಟೆ ಬೆಲೆ ಅಂತ ತೀರ್ಮಾನ ಮಾಡ್ತಾರೆ. ನಮ್ಮ ಕಡೆ ಹೊಲ ಮಾರಿದಾಗ ಯಾರು ಪೂರ್ತಿ ರೊಕ್ಕ ಪತ್ರದಾಗೆ ಬರೆಸ್ತಾರೆ ಹೇಳಿ? ಸ್ಟಾಂಪ್ ಡ್ಯೂಟಿ ಉಳಿಸೋಕೆ ಗೈಡೆನ್ಸ್ ರೇಟಿಗೆ ಬರೆಸಿ ಉಳಿದಿದ್ದು ಕೈಯಿಂದ ಕೈಗೆ. ಅದು ತಪ್ಪೇ, ಆದ್ರೆ ಅದನ್ನ ತಹಸೀಲ್ದಾರರಿಂದ ಹಿಡಿದು ಎಲ್ಲರೂ ಬಲ್ಲರು, ಗೊತ್ತಿದ್ರೂ ಆ ಕಾಗದದ ಬೆಲೆಯನ್ನೇ ನಿಜವಾದ ಬೆಲೆ ಅಂತ ಹಿಡಿದು ಹನ್ನೆರಡು ಸಾವಿರ ಎಕರೆಗೆ ಲೆಕ್ಕ ಹಾಕ್ತಾರೆ. ಇನ್ನೊಂದು, ಒಂದು ಊರಲ್ಲಿ ಬಿಡಿ ಬಿಡಿಯಾಗಿ ಎರಡೆಕರೆ ಮಾರೋದು ಬೇರೆ, ಊರಿಗೂರೇ ಒಂದೇ ಸಲ ಭೂಮಿ ಕಳ್ಕೊಂಡು ಆ ರೊಕ್ಕ ಹಿಡ್ಕೊಂಡು ಪಕ್ಕದ ಊರಲ್ಲಿ ಹೊಲ ಹುಡುಕೋಕೆ ಹೊರಡೋದು ಬೇರೆ. ಎಲ್ಲರ ಕೈಯಲ್ಲೂ ಚೆಕ್ಕು ಇದ್ದಾಗ ಪಕ್ಕದ ಊರಿನ ಹೊಲದ ರೇಟು ಹಿಂದಿನ ವರ್ಷದ ರೇಟಲ್ಲಿ ನಿಲ್ತೈತಾ? ಐದೆಕರೆ ಕಳ್ಕೊಂಡವನು ಅದೇ ರೊಕ್ಕಕ್ಕೆ ಐದೆಕರೆ ತಗೊಳ್ಳೋಕಾಗಲ್ಲ ಅಂದ್ರೆ ಅದನ್ನ ಪರಿಹಾರ ಅಂತ ಹೆಂಗ್ ಕರೀತಾರೋ.

ಕಾಲದ ಕಡೆಯಿಂದಲೂ ಈ ಜನಕ್ಕೆ ಏಟು ಬಿತ್ತು. 2010ರಲ್ಲಿ ಕೆಐಎಡಿಬಿ ಪರಿಹಾರ ಲೆಕ್ಕ ಹಾಕ್ತಿದ್ದಿದ್ದು 1894ರ ಬ್ರಿಟಿಷರ ಭೂಸ್ವಾಧೀನ ಕಾಯ್ದೆ ಪ್ರಕಾರ. ಅದರಲ್ಲಿ ಮಾರುಕಟ್ಟೆ ಬೆಲೆ ಮೇಲೆ ಶೇ 30 ಸೊಲೇಶಿಯಂ, ಅಂದ್ರೆ ಒತ್ತಾಯದಿಂದ ತಗೊಂಡಿದ್ದಕ್ಕೆ ಕೊಡೋ ಹೆಚ್ಚುವರಿ ರೊಕ್ಕ. ಹೊಸ ಕಾಯ್ದೆ ಪಾಸಾಗಿದ್ದು 2013ರಲ್ಲಿ, ಜಾರಿಗೆ ಬಂದಿದ್ದು 2014ರ ಜನವರಿ 1ಕ್ಕೆ. ಅದರಲ್ಲಿ ಹಳ್ಳಿ ಭೂಮಿಗೆ ಬೆಲೆಯನ್ನ 2ರ ತನಕ ಗುಣಿಸಬಹುದು, ಅದರ ಮೇಲೆ ಶೇ 100 ಸೊಲೇಶಿಯಂ. ಸುಮ್ನೆ ಲೆಕ್ಕಕ್ಕೆ ಅಂತ ಕಾಗದದ ಬೆಲೆ ಎಕರೆಗೆ 5 ಲಕ್ಷ ಹಿಡಿಯಿರಿ, ಹಳೇ ಕಾಯ್ದೆಯಲ್ಲಿ ಬಡ್ಡಿಗಿಡ್ಡಿ ಬಿಟ್ಟು 6.5 ಲಕ್ಷ ಆಗ್ತೈತೆ, ಹೊಸದರಲ್ಲಿ 2ರಿಂದ ಗುಣಿಸಿದ್ರೆ 20 ಲಕ್ಷ. ಅದೇ ಎರೆಹೊಲ, ಅದೇ ಪಟ್ಟಾದಾರ, ಮೂರು ಮೂರೂವರೆ ವರ್ಷದ ಫರಕ್ಕು.

ಕೋರ್ಟಿಗೆ ಹೋಗಿ ಜಾಸ್ತಿ ಕೇಳಬಹುದಲ್ಲ ಅಂತೀರಾ, ಹೋದವರು ಹೋಗ್ಯಾರೆ. ಆದ್ರೆ ಇಲ್ಲೊಂದು ಸೂಕ್ಷ್ಮ ಐತೆ, ಊರಲ್ಲಿ ಬಹಳ ಜನಕ್ಕೆ ಗೊತ್ತಾಗೋದು ತಡವಾಗಿ. ಕೆಐಎಡಿಬಿ ಕಾಯ್ದೆ 29ನೇ ಸೆಕ್ಷನ್‌ನಲ್ಲಿ ಎರಡು ದಾರಿ ಅದಾವೆ. ಒಂದು, ರೇಟು ಸಭೆ ಮಾಡಿ ಡಿಸಿ ಮುಂದೆ ಒಪ್ಪಂದದ ದರ ಅಂತ ಮಾಡ್ಕೊಂಡು ಅಗ್ರಿಮೆಂಟಿಗೆ ಸಹಿ ಹಾಕಿ ರೊಕ್ಕ ತಗೊಳ್ಳೋದು. ಇನ್ನೊಂದು, ಒಪ್ಪದೇ ಹೋದ್ರೆ ಅಧಿಕಾರಿ ಅವಾರ್ಡ್, ಅಂದ್ರೆ ಪರಿಹಾರ ಇಷ್ಟು ಅನ್ನೋ ಆದೇಶ, ಮಾಡ್ತಾರೆ, ಆ ರೊಕ್ಕನ ಆಕ್ಷೇಪಣೆ ಸಮೇತ ತಗೊಂಡು ಹಳೇ ಕಾಯ್ದೆ 18ನೇ ಸೆಕ್ಷನ್ ಕೆಳಗೆ ಸಿವಿಲ್ ಕೋರ್ಟಿಗೆ ರೆಫರ್ ಮಾಡಿ ಅಂತ ಅರ್ಜಿ ಹಾಕೋದು. ಮೊದಲನೇ ದಾರಿ ಬೇಗ ಮುಗೀತೈತೆ, ಸಾಮಾನ್ಯವಾಗಿ ಸ್ವಲ್ಪ ಜಾಸ್ತಿ ರೇಟೂ ಆಸೆ ತೋರಿಸ್ತಾರೆ, ಆದ್ರೆ ಒಪ್ಪಂದಕ್ಕೆ ಸಹಿ ಹಾಕಿದವನಿಗೆ ಆಮೇಲೆ ಕಮ್ಮಿ ಆಯ್ತು ಅಂತ ರೆಫರೆನ್ಸ್ ಕೇಳೋ ಹಕ್ಕು ಉಳಿಯಲ್ಲ. ಮನೆಯಲ್ಲಿ ಮಗಳ ಮದುವೆ, ಸೊಸೈಟಿ ಸಾಲ, ಪಹಣಿಯಲ್ಲಿ ಕೆಐಎಡಿಬಿ ಹೆಸರು ಬಿದ್ದು ಹೊಲ ಹೆಂಗಿದ್ರೂ ಹೋಯ್ತು ಅನ್ನೋ ಭಯ, ಇಷ್ಟರ ನಡುವೆ ಸಹಿ ಹಾಕೋದನ್ನ ಕಾನೂನು ಒಪ್ಪಿಗೆ ಅಂತ ಬರ್ಕೊಂತೈತೆ. ಸರ್ಕಾರ ನಂತರ "ರೈತರೇ ಒಪ್ಪಿ ಕೊಟ್ಟಾರೆ" ಅಂತ ಹೇಳೋದು ಈ ಸಹಿಗಳನ್ನ ನಂಬಿಕೊಂಡೇ.

ಇನ್ನು ಹೊಲ ಇಲ್ಲದವರ ಲೆಕ್ಕ. ಮೆಣಸಿನಕಾಯಿ ಬಿಡಿಸೋಕೆ, ಹತ್ತಿ ಬಿಡಿಸೋಕೆ, ಕಳೆ ತೆಗೆಯೋಕೆ ಹೋಗ್ತಿದ್ದ ಹೆಣ್ಮಕ್ಕಳು, ಕೋರಿಗೆ ಹೊಲ ಮಾಡ್ತಿದ್ದವರು, ಕುರಿ ಮೇಯಿಸ್ತಿದ್ದವರು. ಇವರ ಹೆಸರು ಯಾವ ಪಹಣಿಯಲ್ಲೂ ಇರಲ್ಲ, ಹಂಗಾಗಿ ಯಾವ ಚೆಕ್ಕಿನ ಮೇಲೂ ಬರಲಿಲ್ಲ. 2013ರ ಕಾಯ್ದೆ ಬಂದು ಮೂರು ವರ್ಷದಿಂದ ಆ ಭೂಮಿ ಮೇಲೆ ದುಡಿದು ತಿಂತಿದ್ದ ಕೂಲಿಕಾರರು, ಗೇಣಿದಾರರು ಕೂಡ ಬಾಧಿತ ಕುಟುಂಬ ಅಂತ ಹೇಳ್ತು, ಕುಡತಿನಿಗೆ ಅದು ತಡವಾಯ್ತು. ಮನೆ ಮುಳುಗಿದ್ರೆ ಊರು ಎತ್ತಂಗಡಿ ಆದ್ರೆ ಸರ್ಕಾರಕ್ಕೆ ಕಣ್ಣಿಗೆ ಕಾಣ್ತೈತೆ. ತುಂಗಭದ್ರಾ ಡ್ಯಾಂ ಕಟ್ಟಿದಾಗ ನಾರಾಯಣದೇವರಕೆರೆ ಮುಳುಗಿ ಜನ ಮರಿಯಮ್ಮನಹಳ್ಳಿ ಕಟ್ಕೊಂಡ್ರು, ಅದು ಎಲ್ಲರಿಗೂ ಗೊತ್ತಿರೋ ಕಥೆ. ಇಲ್ಲಿ ಮನೆ ಅಲ್ಲೇ ಐತೆ, ಗುಡಿ ಅಲ್ಲೇ ಐತೆ, ರೇಷನ್ ಕಾರ್ಡಿನ ವಿಳಾಸ ಬದಲಾಗಿಲ್ಲ, ಬೆಳಗ್ಗೆ ಎದ್ದು ಹೋಗೋಕೆ ಹೊಲ ಮಾತ್ರ ಇಲ್ಲ. ಇಂಥವರನ್ನ ಸ್ಥಳಾಂತರ ಆದವರು ಅಂತ ಯಾವ ಪಟ್ಟಿಗೂ ಸೇರಿಸಲ್ಲ, ಹಂಗಾಗಿ ಪುನರ್ವಸತಿ ಅನ್ನೋ ಮಾತೇ ಹುಟ್ಟಲಿಲ್ಲ. 2019ರಲ್ಲಿ ಪಿಎಂ ಕಿಸಾನ್ ಬಂತಲ್ಲ, ವರ್ಷಕ್ಕೆ 6,000 ರೂಪಾಯಿ, ಅದೂ ಹೆಸರಲ್ಲಿ ಭೂಮಿ ಇದ್ದವರಿಗೇ. ಬೆಳೆ ವಿಮೆ, ಬೆಳೆ ಸಾಲಕ್ಕೂ ಸಾಮಾನ್ಯವಾಗಿ ಪಹಣಿನೇ ಕೇಳ್ತಾರೆ. ಭೂಮಿ ಪೂರ್ತಿ ಹೋದವನು ಸರ್ಕಾರದ ಕಂಪ್ಯೂಟರ್‌ನಲ್ಲಿ ರೈತನೇ ಅಲ್ಲ.

ಕಾರ್ಖಾನೆ ಯಾಕೆ ಬರಲಿಲ್ಲ ಅನ್ನೋದಕ್ಕೆ ಬಹಳ ಹೇಳೋದಿಲ್ಲ, ಆ ಕಾಲದ ಬಳ್ಳಾರಿ ಎಲ್ಲರಿಗೂ ನೆನಪೈತೆ. 2011ರ ಜುಲೈನಲ್ಲಿ ಲೋಕಾಯುಕ್ತ ಸಂತೋಷ್ ಹೆಗ್ಡೆಯವರ ಅಕ್ರಮ ಗಣಿಗಾರಿಕೆ ವರದಿ ಬಂತು, ಅದೇ ವಾರ ಸುಪ್ರೀಂ ಕೋರ್ಟು ಬಳ್ಳಾರಿಯಲ್ಲಿ ಗಣಿಗಾರಿಕೆ ನಿಲ್ಲಿಸ್ತು. ಅದಿರು ಎಲ್ಲಿಂದ ಬರಬೇಕು ಅನ್ನೋದು ಕಗ್ಗಂಟಾಯ್ತು, ಉಕ್ಕಿನ ಮಾರ್ಕೆಟ್ಟೂ ಕೈ ಕೊಡ್ತು. ಆರ್ಸೆಲರ್ ಮಿತ್ತಲ್ 2019ರಲ್ಲಿ ಎಸ್ಸಾರ್ ಸ್ಟೀಲ್ ತಗೊಂಡು ಗುಜರಾತಿನ ಹಜೀರಾಗೆ ಹೋಯ್ತು. ಕಂಪನಿಗಳಿಗೆ ಇದು ನಿರ್ಧಾರ ಬದಲಾಯಿಸೋ ವಿಷಯ, ಲಾಭ ಇಲ್ಲ ಅಂದ ಕಡೆ ಕಟ್ಟಲ್ಲ, ಅದನ್ನ ನಾನು ತಪ್ಪು ಅನ್ನಲ್ಲ. ಆದ್ರೆ ಹೊಲ ಕೊಟ್ಟವನಿಗೆ ಹಂಗೆ ನಿರ್ಧಾರ ಬದಲಾಯಿಸೋ ಬಾಗಿಲೇ ಇಲ್ವಲ್ಲ.

ನನ್ನ ಪ್ರಕಾರ ಈ ಪ್ರಕರಣದ ನಿಜವಾದ ಗಂಟು ಇರೋದು ನೌಕರಿ ಮಾತಿನಲ್ಲಿ. ಮನೆಗೊಂದು ಕೆಲಸ ಅನ್ನೋ ಮಾತು ಕೇಳಿ ಜನ ಕಮ್ಮಿ ರೇಟಿಗೂ ಸುಮ್ಮನಾದ್ರು. ರೊಕ್ಕ ಖರ್ಚಾಗ್ತೈತೆ, ಸಂಬಳ ತಿಂಗಳಾ ತಿಂಗಳಾ ಬರ್ತೈತೆ ಅಂತ ಲೆಕ್ಕ ಹಾಕಿದ್ದು ಮೂರ್ಖತನ ಏನಲ್ಲ, ಪಕ್ಕದ ತೋರಣಗಲ್ಲಿನ ಜಿಂದಾಲ್ ಉಕ್ಕಿನ ಕಾರ್ಖಾನೆಯಲ್ಲಿ ಅದನ್ನ ಕಣ್ಣಾರೆ ಕಂಡಿದ್ರು. ಈಗ ಆ ನೌಕರಿ ಕೊಡಬೇಕಾದವರು ಯಾರು? ಕಂಪನಿ ಕೇಳಿದ್ರೆ ಕಾರ್ಖಾನೆನೇ ಇಲ್ವಲ್ಲ ಅಂತಾರೆ. ಸರ್ಕಾರ ಕೇಳಿದ್ರೆ ನಾವು ಪರಿಹಾರ ಕೊಟ್ಟಾಗೈತೆ, ನೌಕರಿ ಕಂಪನಿ ಜೊತೆಗಿನ ಮಾತು ಅಂತಾರೆ. 2010ರಲ್ಲಿ ಹದಿನೆಂಟರ ಹುಡುಗ 2025ಕ್ಕೆ ಮೂವತ್ಮೂರು. ನಾಳೆ ಬೆಳಗ್ಗೆ ಕಾರ್ಖಾನೆ ಎದ್ದು ನಿಂತ್ರೂ ಅವನನ್ನ ಟ್ರೇನಿ ಅಂತ ಯಾರೂ ತಗೊಳ್ಳಲ್ಲ, ಅವನ ಮಗ ಐಟಿಐ ಓದೋ ತನಕ ಇನ್ನೊಂದು ಹತ್ತು ವರ್ಷ. ಭೂಮಿಯ ಬೆಲೆ ವರ್ಷ ಹೋದಂಗೆ ಏರ್ತೈತೆ, ನೌಕರಿಯ ಮಾತು ವರ್ಷ ಹೋದಂಗೆ ಕರಗ್ತೈತೆ. ಏರೋದು ಕೆಐಎಡಿಬಿ ಹತ್ರ ಉಳೀತು, ಕರಗೋದು ರೈತನ ಪಾಲಿಗೆ ಬಂತು.

ಏರೋದು ಅಂದೆನಲ್ಲ, ಅದಕ್ಕೆ ತೋರಣಗಲ್ಲನ್ನೇ ನೋಡಬೇಕು. 1971ರಲ್ಲಿ ಇಂದಿರಾ ಗಾಂಧಿ ಅಲ್ಲಿ ವಿಜಯನಗರ ಉಕ್ಕಿನ ಕಾರ್ಖಾನೆಗೆ ಅಡಿಗಲ್ಲು ಹಾಕಿದ್ರು, ಸರ್ಕಾರಿ ಕಾರ್ಖಾನೆ ಬರಲೇ ಇಲ್ಲ, ಇಪ್ಪತ್ತು ವರ್ಷ ದಾಟಿದ ಮೇಲೆ 1994ರಲ್ಲಿ ಜಿಂದಾಲ್ ಬಂತು. ಅದೇ ಕಂಪನಿಗೆ ಲೀಸ್ ಕಮ್ ಸೇಲ್‌ನಲ್ಲಿ, ಅಂದ್ರೆ ಮೊದಲು ಗುತ್ತಿಗೆ ಆಮೇಲೆ ಮಾರಾಟ ಅನ್ನೋ ಕರಾರಲ್ಲಿ, ಕೊಟ್ಟಿದ್ದ 3,667 ಎಕರೆನ ಎಕರೆಗೆ 1.22 ಲಕ್ಷ, 1.50 ಲಕ್ಷದ ಲೆಕ್ಕದಲ್ಲಿ ಕ್ರಯ ಮಾಡಿಕೊಡೋ ತೀರ್ಮಾನ 2019ರಲ್ಲಿ ಸಂಪುಟದಿಂದ ಬಂದು ದೊಡ್ಡ ಗಲಾಟೆ ಆಯ್ತು, ಕೊನೆಗೆ 2024ರ ಆಗಸ್ಟ್‌ನಲ್ಲಿ ಒಪ್ಪಿಗೆ ಸಿಕ್ತು. ಹಳೇ ಒಪ್ಪಂದದ ದರ ಅದು, ಈಗ ಬದಲಾಯಿಸೋಕೆ ಬರಲ್ಲ ಅಂತ ಸರ್ಕಾರದ ವಾದ. ಇರಲಿ. ಕಂಪನಿ ಜೊತೆ ಹಳೇ ಮಾತು ಉಳಿಸ್ಕೊಳ್ಳೋಕೆ ಇಷ್ಟು ಕಾಳಜಿ ಇರೋ ಸರ್ಕಾರಕ್ಕೆ ರೈತರ ಜೊತೆ ಆಡಿದ ಹಳೇ ನೌಕರಿ ಮಾತು ಯಾಕೆ ನೆನಪಾಗಲ್ಲ ಅಂತ ಕುಡತಿನಿಯವರು ಕೇಳಿದ್ರೆ ಅದಕ್ಕೆ ಉತ್ತರ ಕೊಡೋದು ಕಷ್ಟ.

ಭೂಮಿನೇ ವಾಪಸ್ ಕೊಟ್ಟುಬಿಡಿ ಅನ್ನೋ ಬೇಡಿಕೆಗೆ ಬರೋಣ. ಕಾನೂನು ಇಲ್ಲಿ ರೈತನ ಕಡೆ ಇಲ್ಲ, ಅದನ್ನ ಮುಚ್ಚಿಡೋದ್ರಲ್ಲಿ ಅರ್ಥ ಇಲ್ಲ. ಒಂದು ಸಲ ಸರ್ಕಾರಕ್ಕೆ ಸೇರಿದ ಭೂಮಿ ಬಳಕೆ ಆಗಿಲ್ಲ ಅನ್ನೋ ಒಂದೇ ಕಾರಣಕ್ಕೆ ಮೂಲ ಮಾಲೀಕನಿಗೆ ಹಕ್ಕಾಗಿ ವಾಪಸ್ ಬರಲ್ಲ ಅಂತ ಸುಪ್ರೀಂ ಕೋರ್ಟು ಹಲವು ಸಲ ಹೇಳೈತೆ. 2013ರ ಕಾಯ್ದೆಯ 101ನೇ ಸೆಕ್ಷನ್‌ನಲ್ಲಿ ಐದು ವರ್ಷ ಬಳಸದೇ ಬಿಟ್ರೆ ಮಾಲೀಕನಿಗೋ ಅವನ ವಾರಸುದಾರರಿಗೋ, ಇಲ್ಲಾ ಸರ್ಕಾರದ ಲ್ಯಾಂಡ್ ಬ್ಯಾಂಕಿಗೋ ಹೋಗಬೇಕು ಅಂತ ಐತೆ, ಆದ್ರೆ ಅದು ಆ ಕಾಯ್ದೆ ಕೆಳಗೆ ತಗೊಂಡ ಭೂಮಿಗೆ. 1894ರ ಕಾಯ್ದೆಯಲ್ಲಿದ್ದ ಎರಡು ವರ್ಷದೊಳಗೆ ಅವಾರ್ಡ್ ಆಗಬೇಕು ಅನ್ನೋ ನಿಯಮ ಕೂಡ ಕೆಐಎಡಿಬಿಗೆ ಅನ್ವಯಿಸಲ್ಲ ಅಂತ 2011ರಲ್ಲೇ ಬೆಂಗಳೂರು ಮೈಸೂರು ಕಾರಿಡಾರ್ ಕೇಸಲ್ಲಿ ತೀರ್ಪಾಗಿತ್ತು. ಕಂಪನಿ ಕಟ್ಟಲಿಲ್ಲ ಅಂದ್ರೆ ಕೆಐಎಡಿಬಿ ಹಂಚಿಕೆ ರದ್ದು ಮಾಡಬಹುದು, ಆದ್ರೆ ರದ್ದಾದ ಭೂಮಿ ಬರೋದು ಕೆಐಎಡಿಬಿಗೆ, ಅಲ್ಲಿಂದ ಇನ್ನೊಂದು ಕಂಪನಿಗೆ.

ಆದ್ರೆ ಹಕ್ಕಾಗಿ ಬರಲ್ಲ ಅಂದ್ರೆ ಸರ್ಕಾರ ಮನಸ್ಸು ಮಾಡಿದ್ರೂ ಕೊಡೋಕಾಗಲ್ಲ ಅಂತ ಅಲ್ಲ. ಪಶ್ಚಿಮ ಬಂಗಾಳದಲ್ಲಿ ಟಾಟಾ ನ್ಯಾನೋ ಕಾರ್ಖಾನೆಗೆ ಅಂತ ತಗೊಂಡಿದ್ದ ಸಿಂಗೂರಿನ ಸುಮಾರು 997 ಎಕರೆನ 2016ರ ಆಗಸ್ಟ್ 31ಕ್ಕೆ ಸುಪ್ರೀಂ ಕೋರ್ಟೇ ವಾಪಸ್ ಕೊಡಿಸ್ತು, ಅಲ್ಲಿ ಸ್ವಾಧೀನನೇ ಕಾನೂನುಬಾಹಿರ ಅಂತ ರದ್ದಾಗಿತ್ತು, ಅದು ಬೇರೆ ಮಾತು. ನನಗೆ ಆ ತೀರ್ಪಿನಲ್ಲಿ ಹಿಡಿಸಿದ್ದು ಇನ್ನೊಂದು ಸಾಲು: ಹತ್ತು ವರ್ಷ ಭೂಮಿ ಅನುಭವಿಸೋಕೆ ಆಗದೇ ಇದ್ದಿದ್ದಕ್ಕೆ ರೈತರು ತಗೊಂಡ ಪರಿಹಾರ ವಾಪಸ್ ಕಟ್ಟೋದು ಬೇಡ ಅಂದ್ರು. ನಮ್ಮ ಅಧಿಕಾರಿಗಳು ಯಾವಾಗಲೂ "ಹೊಲ ಬೇಕಾದ್ರೆ ರೊಕ್ಕ ವಾಪಸ್ ಕಟ್ತೀರಾ" ಅಂತ ಬಾಯಿ ಮುಚ್ಚಿಸ್ತಾರಲ್ಲ, ಅದಕ್ಕೆ ಇದು ಉತ್ತರ. ಕುಡತಿನಿಗೆ ಇನ್ನೂ ಹತ್ತಿರದ ಉದಾಹರಣೆ ಅಂದ್ರೆ ಛತ್ತೀಸ್‌ಗಢದ ಬಸ್ತರಿನ ಲೋಹಂಡಿಗುಡಾ. ಟಾಟಾ ಸ್ಟೀಲ್‌ಗೆ ಅಂತ ಹತ್ತು ಹಳ್ಳಿಯ ಸುಮಾರು 1,700 ಹೆಕ್ಟೇರ್ ಸ್ವಾಧೀನ ಮಾಡಿದ್ರು, ಕಾರ್ಖಾನೆ ಬರಲಿಲ್ಲ, 2018ರ ಕೊನೆಗೆ ಬಂದ ಹೊಸ ಸರ್ಕಾರ ಸಂಪುಟದಲ್ಲಿ ತೀರ್ಮಾನ ಮಾಡಿ ರೈತರಿಗೆ ವಾಪಸ್ ಕೊಡ್ತು. ಕೋರ್ಟು ಹೇಳಿ ಮಾಡಿದ್ದಲ್ಲ. ನಮ್ಮಲ್ಲೇ ದೇವನಹಳ್ಳಿ ಚನ್ನರಾಯಪಟ್ಟಣ ಹೋಬಳಿಯ 1,777 ಎಕರೆಯ ಸ್ವಾಧೀನ ಕೈಬಿಡ್ತೀವಿ ಅಂತ 2025ರ ಜುಲೈ 15ಕ್ಕೆ ಮುಖ್ಯಮಂತ್ರಿ ಸಿದ್ದರಾಮಯ್ಯ ಘೋಷಣೆ ಮಾಡಿದ್ರು. ಅಲ್ಲಿ ಭೂಮಿ ರೈತರ ಕೈಯಲ್ಲೇ ಇತ್ತು, ಇಲ್ಲಿ ರೊಕ್ಕ ಕೊಟ್ಟಾಗಿತ್ತು, ಎರಡೂ ಒಂದೇ ಅಲ್ಲ ಅನ್ನೋದು ನಿಜ. ದೇವನಹಳ್ಳಿ ವಿಧಾನಸೌಧಕ್ಕೆ ಒಂದು ಗಂಟೆ ದಾರಿ ಅನ್ನೋದೂ ನಿಜ.

ಸರ್ಕಾರದ ಕಷ್ಟನೂ ಸ್ವಲ್ಪ ಹೇಳಬೇಕು. 2010ರ ರೇಟನ್ನ ಇಲ್ಲಿ ತೆಗೆದು ಹೊಸದಾಗಿ ಕಟ್ಟಿದ್ರೆ ರಾಜ್ಯದ ಎಲ್ಲಾ ಕೆಐಎಡಿಬಿ ಏರಿಯಾದವರೂ ಸಾಲಾಗಿ ಬರ್ತಾರೆ. ಕಂಪನಿಗಳೂ ಕೆಐಎಡಿಬಿಗೆ ಭೂಮಿ ರೊಕ್ಕ ಕಟ್ಟ್ಯಾವೆ, ಅವರನ್ನ ಸುಮ್ನೆ ಹೊರಗೆ ಹಾಕಿದ್ರೆ ಅವರೂ ಕೋರ್ಟಿಗೆ ಹೋಗ್ತಾರೆ. ಊರಲ್ಲೂ ಎಲ್ಲರದ್ದೂ ಒಂದೇ ಬೇಡಿಕೆ ಇರಲ್ಲ, ಕೆಲವರಿಗೆ ಹೊಲ ಬೇಕು, ಕೆಲವರಿಗೆ ರೇಟು ಬೇಕು, ಇನ್ನು ಕೆಲವರಿಗೆ ಕಾರ್ಖಾನೆನೇ ಬರಲಿ ಮಕ್ಕಳಿಗೆ ಕೆಲಸ ಸಿಗಲಿ ಅಂತ. ಅಣ್ತಮ್ಮಂದಿರು ಪರಿಹಾರ ಪಾಲು ಮಾಡ್ಕೊಂಡು ಮನೆ ಕಟ್ಟಿ ಟ್ರ್ಯಾಕ್ಟರ್ ತಗೊಂಡು ಹದಿನೈದು ವರ್ಷ ಆದ ಮೇಲೆ ಯಾರ ಹೆಸರಿಗೆ ಎಷ್ಟು ಗುಂಟೆ ವಾಪಸ್ ಅನ್ನೋದು ಇನ್ನೊಂದು ತಲೆನೋವು. ಇದೆಲ್ಲಾ ಒಪ್ಪೋಣ. ಆದ್ರೆ ಇದರಲ್ಲಿ ಒಂದೂ ನೌಕರಿ ಮಾತಿಗೆ ಸಂಬಂಧಪಟ್ಟಿದ್ದಲ್ಲ. ಅದಕ್ಕೆ ಹಳೇ ರೇಟು ಬದಲಾಯಿಸಬೇಕಾಗಿಲ್ಲ, ಸ್ವಾಧೀನ ರದ್ದು ಮಾಡಬೇಕಾಗಿಲ್ಲ. 2013ರ ಕಾಯ್ದೆಯ ಎರಡನೇ ಷೆಡ್ಯೂಲ್‌ನಲ್ಲೇ ದಾರಿ ಐತೆ: ಕುಟುಂಬಕ್ಕೊಂದು ನೌಕರಿ, ಇಲ್ಲಾಂದ್ರೆ ಒಂದೇ ಸಲ 5 ಲಕ್ಷ, ಇಲ್ಲಾಂದ್ರೆ ತಿಂಗಳಿಗೆ 2,000ಕ್ಕೆ ಕಮ್ಮಿ ಇಲ್ಲದಂಗೆ ಬೆಲೆ ಏರಿಕೆಗೆ ತಕ್ಕಂತೆ 20 ವರ್ಷ. ಮೊತ್ತ ಜುಜುಬಿ, ನನಗೂ ಗೊತ್ತು, ಆದ್ರೆ ನೌಕರಿ ಕೊಡೋಕಾಗಲಿಲ್ಲ ಅಂದ್ರೆ ಅದಕ್ಕೊಂದು ಬೆಲೆ ಕಟ್ಟಬೇಕು ಅನ್ನೋ ತತ್ವ ಪಾರ್ಲಿಮೆಂಟೇ ಒಪ್ಪೈತೆ. ಕಟ್ಟದೇ ಖಾಲಿ ಬಿಟ್ಟ ಪ್ರತಿ ವರ್ಷಕ್ಕೆ ಕಂಪನಿಗಳಿಂದ ದಂಡ ವಸೂಲಿ ಮಾಡಿ ಅದರಿಂದ ಈ ಮಾಸಾಶನ ಕೊಟ್ರೆ ಖಜಾನೆಗೂ ಭಾರ ಇಲ್ಲ. ಅದೇ ಕಾಯ್ದೆಯ 102ನೇ ಸೆಕ್ಷನ್ನೂ ನೋಡಿ, ಏನೂ ಅಭಿವೃದ್ಧಿ ಮಾಡದೇ ಐದು ವರ್ಷದೊಳಗೆ ಭೂಮಿ ಬೇರೆಯವರಿಗೆ ಜಾಸ್ತಿ ರೇಟಿಗೆ ಮಾರಿದ್ರೆ ಏರಿದ ಬೆಲೆಯಲ್ಲಿ ಶೇ 40 ಮೂಲ ಮಾಲೀಕರಿಗೆ ಹಂಚಬೇಕು. ನಾಳೆ ಕುಡತಿನಿ ಭೂಮಿ ಉಕ್ಕಿನ ಬದಲು ಇನ್ನೇನಕ್ಕೋ ಇನ್ಯಾರಿಗೋ ಹೋದ್ರೆ ಇದೇ ಲೆಕ್ಕ ಇಲ್ಲಿಗೂ ಹಾಕ್ತೀವಿ ಅಂತ ಸಂಪುಟ ಒಂದು ಆದೇಶ ಮಾಡೋಕೆ ಯಾವ ಕೋರ್ಟೂ ಅಡ್ಡ ಬರಲ್ಲ.

ಪರಿಹಾರ ತಡ ಆದ್ರೆ ಏನು ಅನ್ನೋದಕ್ಕೆ ಈಗ ಒಂದು ಗಟ್ಟಿ ತೀರ್ಪು ಬಂದೈತೆ. 2025ರ ಜನವರಿ 2ಕ್ಕೆ, ಅದೂ ನಮ್ಮ ಕೆಐಎಡಿಬಿ ಸ್ವಾಧೀನದ್ದೇ ಕೇಸು, ಬೆಂಗಳೂರು ಮೈಸೂರು ಕಾರಿಡಾರ್‌ಗೆ 2005ರಲ್ಲಿ ಭೂಮಿ ಹೋದವರಿಗೆ 2019ರ ತನಕ ಅವಾರ್ಡೇ ಆಗಿರಲಿಲ್ಲ. ಆಸ್ತಿ ಹಕ್ಕು ಮೂಲಭೂತ ಹಕ್ಕಲ್ಲದಿದ್ರೂ 300ಎ ವಿಧಿ ಪ್ರಕಾರ ಸಂವಿಧಾನದ ಹಕ್ಕು, 2003ರ ರೇಟಲ್ಲಿ ಈಗ ಕೊಡೋದು ಅನ್ಯಾಯ ಅಂತ ಹೇಳಿ 2019ರ ಮಾರುಕಟ್ಟೆ ಬೆಲೆ ಲೆಕ್ಕಕ್ಕೆ ಹಿಡೀರಿ ಅಂತ ಸುಪ್ರೀಂ ಕೋರ್ಟು ಆದೇಶ ಮಾಡ್ತು. ಕುಡತಿನಿಯಲ್ಲಿ ರೊಕ್ಕ ಅಷ್ಟು ತಡ ಆಗಿದ್ದಲ್ಲ, ಹಂಗಾಗಿ ಇದು ನೇರವಾಗಿ ಕೂಡಲ್ಲ. ಆದ್ರೂ ಕಾಲ ಹೋದಂಗೆ ಆಗೋ ನಷ್ಟನ ರೈತನೊಬ್ಬನ ತಲೆಗೇ ಕಟ್ಟಬಾರದು ಅನ್ನೋ ಮಾತನ್ನ ವಕೀಲರು ಇಲ್ಲೂ ಎತ್ತಬಹುದು ಅನ್ನಿಸ್ತೈತೆ.

ಕೊಪ್ಪಳದಲ್ಲಿ ಇದರ ಇನ್ನೊಂದು ಮುಖ ನೋಡಿದ್ವಿ. 2025ರ ಫೆಬ್ರವರಿಯಲ್ಲಿ ದೊಡ್ಡ ಉಕ್ಕಿನ ಕಾರ್ಖಾನೆ ಘೋಷಣೆ ಆಗಿದ್ದೇ ತಡ ಗವಿಮಠದ ಸ್ವಾಮೀಜಿ ಸಮೇತ ಊರಿಗೂರೇ ಬೀದಿಗಿಳೀತು, ಧೂಳು ಹೊಗೆ ಸಾಕಾಗೈತೆ ಅಂತ. ಅಲ್ಲಿ ಕಾರ್ಖಾನೆ ಬೇಡ ಅಂತ ಹೋರಾಟ, ಇಲ್ಲಿ ಕಾರ್ಖಾನೆ ಎಲ್ಲಿ ಅಂತ ಹೋರಾಟ, ನೂರು ಕಿಲೋಮೀಟರ್ ಒಳಗೆ.

ರಾಯಚೂರು ಕೊಪ್ಪಳ ಕಡೆ ರೋಡು, ರೈಲು, ಸೋಲಾರ್ ಅಂತ ಹೊಸ ನೋಟಿಸ್ ಕೈಗೆ ಬಂದವರು ಇದನ್ನ ಓದ್ತಾ ಇದ್ರೆ ಎರಡು ಮಾತು ಕೇಳ್ಕೊಳ್ಳಿ. ನೋಟಿಸ್ ಯಾವ ಕಾಯ್ದೆ ಕೆಳಗೆ ಬಂದೈತೆ ಅನ್ನೋದನ್ನ ಮೊದಲು ಓದಿಸ್ಕೊಳ್ಳಿ, ಹೈವೇದು ಬೇರೆ, ರೈಲ್ವೆದು ಬೇರೆ, ಕೆಐಎಡಿಬಿದು ಬೇರೆ, ತಕರಾರು ಕೊಡೋ ಗಡುವೂ ಬೇರೆ ಬೇರೆ. ರೇಟು ಸಭೆಯಲ್ಲಿ ನೌಕರಿ ಬಗ್ಗೆ ಯಾರಾದ್ರೂ ಮೈಕಲ್ಲಿ ಮಾತು ಕೊಟ್ರೆ ಅದನ್ನ ಸಭೆಯ ನಡಾವಳಿಯಲ್ಲಿ ಬರೆಸಿ, ಡಿಸಿ ಸಹಿ ಇರೋ ನಡಾವಳಿ ಪ್ರತಿ ಕೈಗೆ ಬರೋ ತನಕ ಒಪ್ಪಂದದ ಕಾಗದಕ್ಕೆ ಹೆಬ್ಬೆಟ್ಟು ಒತ್ತಬೇಡಿ.